ಒಂದೋ, ಎರಡೋ, ನಾಲ್ಕೋ: ಒಂದು ಟೈರು ಸೀಳಿದಾಗ ಎದ್ದ ಲೆಕ್ಕ

ಬಲಗಡೆಯ ಹಿಂದಿನ ಟೈರಿನ ಪಕ್ಕೆಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಸೀಳು ಬಿದ್ದಿತ್ತು. ಉಗುರಿನಿಂದ ಅದರ ಅಂಚನ್ನು ಮೆಲ್ಲನೆ ಅಗಲಿಸಿದರೆ ಒಳಗಿನ ನೂಲಿನ ಎಳೆಗಳು ಬೆಳ್ಳಗೆ ಕಾಣುತ್ತಿದ್ದವು. ಯಾವುದೋ ಚೂಪು ಕಲ್ಲಿನ ಅಂಚಿಗೆ ಟೈರು ಉಜ್ಜಿಕೊಂಡು ಹೋಗಿರಬೇಕು. ನೆಲಕ್ಕೆ ತಾಗುವ ಟ್ರೆಡ್ ಭಾಗದಲ್ಲಿ ಮೊಳೆ ಚುಚ್ಚಿ, ತೂತು 6 ಮಿ.ಮೀ.ಗಿಂತ ದೊಡ್ಡದಾಗಿರದಿದ್ದರೆ, ಟೈರನ್ನು ರಿಮ್ಮಿನಿಂದ ಬಿಚ್ಚಿ ಒಳಗಿನಿಂದ ಪ್ಯಾಚ್ ಹಾಕಿಸಿ ನಿಶ್ಚಿಂತೆಯಿಂದ ಓಡಿಸಬಹುದಿತ್ತು. ಆದರೆ ಪಕ್ಕೆ ಎಂಬುದು ಚಕ್ರದ ಪ್ರತಿಯೊಂದು ಸುತ್ತಿಗೂ ಬಾಗಿ ಮತ್ತೆ ನೆಟ್ಟಗಾಗುವ ಜಾಗ. ಅಲ್ಲಿ ಯಾವ ತೇಪೆಯೂ ನಿಲ್ಲುವುದಿಲ್ಲ. ಆ ಟೈರಿನ ಕಥೆ ಮುಗಿದಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಐದು ನಿಮಿಷವೂ ಬೇಕಾಗಲಿಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಉಳಿದ ಮೂರು ಟೈರುಗಳ ವಿಚಾರ. ಅವುಗಳಲ್ಲಿ ಯಾವ ದೋಷವೂ ಇರಲಿಲ್ಲ. ರಬ್ಬರು ಮೆತ್ತಗಿತ್ತು, ಬಿರುಕಿರಲಿಲ್ಲ, ಒಳಗಿನಿಂದ ಹೊರಗಿನವರೆಗೆ ಸಮನಾಗಿ ಸವೆದಿದ್ದವು. ಡೆಪ್ತ್ ಗೇಜಿನ ಸೂಜಿಯನ್ನು ಟ್ರೆಡ್ಡಿನ ಸಂದಿನೊಳಕ್ಕೆ ಇಳಿಸಿ ಅಳೆದಾಗ ಒಂದರಲ್ಲಿ 5.3, ಇನ್ನೊಂದರಲ್ಲಿ 5.0, ಮತ್ತೊಂದರಲ್ಲಿ 4.9 ಮಿ.ಮೀ. ಬಂತು. ಹೊಸ ಟೈರಿನ ಟ್ರೆಡ್ ಸುಮಾರು 8 ಮಿ.ಮೀ. ಆಳವಿರುತ್ತದೆ, ಅನೇಕ ದೇಶಗಳ ಕಾನೂನು 1.6 ಮಿ.ಮೀ.ವರೆಗೆ ಓಡಿಸಲು ಬಿಡುತ್ತದೆ. ಅಂದರೆ ಬಳಸಲು ಸಿಗುವ 6.4 ಮಿ.ಮೀ.ನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಇನ್ನೂ ಉಳಿದಿತ್ತು. ಇಂಥ ಮೂರು ಟೈರುಗಳನ್ನು ಬಿಚ್ಚಿ ಬದಿಗಿಡುವುದೆಂದರೆ ಅರ್ಧ ತುಂಬಿದ ತಟ್ಟೆಯನ್ನು ಎತ್ತಿ ಚೆಲ್ಲಿದಂತೆ ಅನ್ನಿಸುತ್ತದೆ. ಆದರೆ ನನ್ನ ಗಾಡಿ ಆಲ್-ವೀಲ್ ಡ್ರೈವ್, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವಂಥದ್ದು. ಅಂಥ ಗಾಡಿಯಲ್ಲಿ ಒಂದು ಟೈರಿನ ಸಮಸ್ಯೆ ಆ ಒಂದು ಟೈರಿನಲ್ಲೇ ನಿಲ್ಲುವುದಿಲ್ಲ.

ಇದನ್ನು ನಾನು ಓದಿ ಕಲಿತವನಲ್ಲ. ಇದಕ್ಕೆ ಮೊದಲು ನನ್ನ ಬಳಿ ಇದ್ದದ್ದೂ ಆಲ್-ವೀಲ್ ಡ್ರೈವ್ ಗಾಡಿಯೇ. ಅದರ ಮುಂದಿನ ಟೈರುಗಳೆರಡು ಸವೆದಾಗ ಎರಡನ್ನು ಮಾತ್ರ ಹೊಸದು ಹಾಕಿಸಿದ್ದೆ. ಹಿಂದಿನ ಎರಡರಲ್ಲಿ ಮೂರೂವರೆ ಮಿ.ಮೀ. ಉಳಿದಿತ್ತು, ಅದೇ ಸಾಕೆಂದು ನನಗೂ ಅನ್ನಿಸಿತ್ತು, ಟೈರು ಹಾಕಿದವರಿಗೂ ಅನ್ನಿಸಿತ್ತು. ವರ್ಷ ಕಳೆದ ಮೇಲೆ ಗಾಡಿಯನ್ನು ನಿಲ್ಲಿಸಲು ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಚಲಿಸಿದಾಗ, ಯಾರೋ ಹಿಂದಿನಿಂದ ಹಿಡಿದೆಳೆದಂತೆ ಬಿಗಿಯತೊಡಗಿತು. ಆಮೇಲೆ ಆ ಬಿಗಿತ ಜಗ್ಗಾಟವಾಯಿತು. ಒಂದೊಂದು ಜಗ್ಗಿಗೂ ನೆಲದ ಮೇಲೆ ಟೈರು ಕಿರುಗುಟ್ಟುತ್ತಿತ್ತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಬಲ ಹಂಚುವ ಕ್ಲಚ್ಚನ್ನು ಬಿಚ್ಚಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಜೇನಿನ ಬಣ್ಣ ಇರಬೇಕಾದ ಆಯಿಲ್ ಕಾಡಿಗೆಯಂತೆ ಕರಿದಾಗಿತ್ತು, ಸುಟ್ಟ ವಾಸನೆ ಹೊಡೆಯುತ್ತಿತ್ತು. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ತೆಳುಬಿಲ್ಲೆಗಳನ್ನು ಒರೆಸಿ ಬೆಳಕಿಗೆ ಹಿಡಿದರೆ ಅವುಗಳ ಮೇಲೆ ನವಿಲಿನ ಕೊರಳಿನಂಥ ನೀಲಿ ಛಾಯೆ. ಉಕ್ಕು ವಿಪರೀತ ಕಾಯ್ದಾಗ ಏರುವ ಬಣ್ಣ ಅದು. ಆ ರಿಪೇರಿಗೆ ಆದ ಖರ್ಚಿನಲ್ಲಿ ನಾಲ್ಕು ಟೈರುಗಳ ಸೆಟ್ಟನ್ನು ಒಂದಕ್ಕಿಂತ ಹೆಚ್ಚು ಸಲ ಕೊಳ್ಳಬಹುದಿತ್ತು.

ಆ ನೀಲಿ ಬಣ್ಣ ಎಲ್ಲಿಂದ ಬಂತು ಎಂಬುದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳದೆ ಎಷ್ಟು ಟೈರು ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ ಎಂದು ನನಗೆ ಅಂದೇ ಮನವರಿಕೆಯಾಯಿತು. ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

225/65 ಆರ್17 ಅಳತೆಯ ಟೈರನ್ನು ತೆಗೆದುಕೊಳ್ಳೋಣ. ಹೊಸದಾಗಿದ್ದಾಗ ಅದರ ವ್ಯಾಸ ಸುಮಾರು 724 ಮಿ.ಮೀ., ಸುತ್ತಳತೆ ಸುಮಾರು 2,275 ಮಿ.ಮೀ. ಟ್ರೆಡ್ 3 ಮಿ.ಮೀ. ಸವೆದರೆ ಎರಡೂ ಬದಿ ಸೇರಿ ವ್ಯಾಸ 6 ಮಿ.ಮೀ. ಕಡಿಮೆಯಾಗುತ್ತದೆ, ಸುತ್ತಳತೆ ಹತ್ತೊಂಬತ್ತು ಮಿ.ಮೀ.ನಷ್ಟು ಕುಗ್ಗುತ್ತದೆ. ನೂರಕ್ಕೆ ಒಂದರಷ್ಟೂ ಇಲ್ಲದ ವ್ಯತ್ಯಾಸ. ಆದರೆ ಒಂದು ಕಿಲೋಮೀಟರ್ ಸಾಗಲು ಹೊಸ ಟೈರು ಸುಮಾರು 440 ಸುತ್ತು ಸುತ್ತಿದರೆ ಸವೆದದ್ದು ಹೆಚ್ಚುಕಡಿಮೆ 443 ಸುತ್ತಿಗೂ ಮೀರಿ ಸುತ್ತಬೇಕು. ಭಾರಕ್ಕೆ ಟೈರು ಸ್ವಲ್ಪ ಅಮುಕಿಕೊಳ್ಳುವುದರಿಂದ ರಸ್ತೆಯ ಮೇಲಿನ ಅಂಕಿ ಅತ್ತಿತ್ತ ಆಗಬಹುದು, ಆದರೆ ನಡುವಿನ ಅಂತರ ಮೂರೂವರೆ ಸುತ್ತಿನ ಆಸುಪಾಸಿನಲ್ಲೇ ಇರುತ್ತದೆ. ಹತ್ತು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಇದು ಮೂವತ್ತೈದು ಸಾವಿರ ಸುತ್ತು ದಾಟುತ್ತದೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆ ಏಳುತ್ತದೆ. ಗಾಡಿ ತಿರುಗುವಾಗ ನಾಲ್ಕು ಚಕ್ರಗಳೂ ಬೇರೆ ಬೇರೆ ದೂರ ಸಾಗುತ್ತವಲ್ಲ, ಅದನ್ನು ಸಹಿಸಲೆಂದೇ ಡಿಫರೆನ್ಷಿಯಲ್, ಅಂದರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ, ಇರುವುದಲ್ಲವೇ ಎಂದು. ನಿಜ. ಹನ್ನೊಂದು ಮೀಟರ್ ವ್ಯಾಸದ ವೃತ್ತದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಒಂದು ಸುತ್ತು ಬಂದರೆ ಸಾಧಾರಣ ಗಾತ್ರದ ಗಾಡಿಯಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಸರಾಸರಿ ಐದು ಮೀಟರ್ ಹೆಚ್ಚು ಸಾಗುತ್ತವೆ, ಅಂದರೆ ಎರಡು ಸುತ್ತಿಗಿಂತ ತುಸು ಹೆಚ್ಚು. ಆದರೆ ಅಂಥ ತಿರುವು ಕೆಲವೇ ಸೆಕೆಂಡುಗಳ ಕೆಲಸ, ಮತ್ತು ಅದು ನಿಧಾನ ಗತಿಯಲ್ಲಿ, ದಿನಕ್ಕೆ ಎಲ್ಲೋ ನಾಲ್ಕಾರು ಸಲ ಬರುವಂಥದ್ದು. ಮುಂದಿನ ಜೋಡಿ ಹೊಸದು, ಹಿಂದಿನ ಜೋಡಿ 3 ಮಿ.ಮೀ. ಸವೆದದ್ದು ಆಗಿದ್ದರೆ ನೇರ ರಸ್ತೆಯಲ್ಲಿ ಹೋಗುವ ಪ್ರತಿ ಕಿಲೋಮೀಟರಿಗೂ, ಒಂದೂವರೆ ಸಲ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಸುತ್ತು ಬಂದಷ್ಟು ವ್ಯತ್ಯಾಸವನ್ನು ನಡುವಿನ ಯಂತ್ರ ನುಂಗಬೇಕಾಗುತ್ತದೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ, ಬಿಡುವಿಲ್ಲದೆ. ತಿರುವಿನಲ್ಲಿ ಬೆವರಿ ಮತ್ತೆ ಆರಲು ಸಮಯ ಸಿಗುವ ಭಾಗಕ್ಕೆ ಇಲ್ಲಿ ಆರುವ ಅವಕಾಶವೇ ಇಲ್ಲ.

ಆ ನಡುವಿನ ಯಂತ್ರ ಯಾವ ಬಗೆಯದು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಸಾದಾ ಗೇರುಗಳ ಸೆಂಟರ್ ಡಿಫರೆನ್ಷಿಯಲ್ ಆದರೆ ಈ ನಿಧಾನವಾದ ಹೊರಳಾಟವನ್ನು ಬಹಳಷ್ಟು ತಾಳಿಕೊಳ್ಳುತ್ತದೆ. 1980ರಲ್ಲಿ ಬಂದ ಆಡಿ ಕ್ವಾಟ್ರೋದಲ್ಲಿ ಅಂಥದ್ದಿತ್ತು, ಬೇಕೆಂದಾಗ ಚಾಲಕ ಅದನ್ನು ಲಾಕ್ ಮಾಡಬಹುದಿತ್ತು. ವಿಸ್ಕಸ್ ಕಪ್ಲಿಂಗಿನಲ್ಲಿ ಸಿಲಿಕೋನ್ ದ್ರವದೊಳಗೆ ತೂತುಬಿಲ್ಲೆಗಳು ಸುತ್ತುತ್ತವೆ. ವೇಗದ ಅಂತರ ಇದ್ದಷ್ಟೂ ಹೊತ್ತು ದ್ರವ ಬಿಸಿಯಾಗುತ್ತಲೇ ಇರುತ್ತದೆ, ಕೊನೆಗೆ ಕೆಟ್ಟು ಬಿಗಿದುಕೊಳ್ಳುತ್ತದೆ. ಇಂದಿನ ಹೆಚ್ಚಿನ ಆಲ್-ವೀಲ್ ಡ್ರೈವ್ ಎಸ್‌ಯುವಿಗಳಲ್ಲಿ ಇರುವುದು ಆಯಿಲ್ಲಿನಲ್ಲಿ ಮುಳುಗಿದ ಬಹುಬಿಲ್ಲೆಗಳ ಕ್ಲಚ್. ಕಂಪ್ಯೂಟರ್ ಅದನ್ನು ಬೇಕಾದಾಗ ಬಿಗಿಸುತ್ತದೆ, ಬೇಡವಾದಾಗ ಸಡಿಲಿಸುತ್ತದೆ. ಆದರೆ ಆ ಕಂಪ್ಯೂಟರಿಗೆ ಚಕ್ರ ಜಾರುತ್ತಿದೆಯೋ ಅಥವಾ ಟೈರೇ ಚಿಕ್ಕದೋ ಎಂಬುದನ್ನು ತಿಳಿಸುವುದು ಚಕ್ರದ ವೇಗದ ಸೆನ್ಸರ್ ಮಾತ್ರ, ಮತ್ತು ಎರಡೂ ಸಂದರ್ಭದಲ್ಲಿ ಸೆನ್ಸರ್ ಹೇಳುವುದು ಒಂದೇ ಮಾತು: ಈ ಚಕ್ರ ಹೆಚ್ಚು ಸುತ್ತುತ್ತಿದೆ. ಸಣ್ಣಪುಟ್ಟ ವ್ಯತ್ಯಾಸಕ್ಕೆ ತಂತ್ರಾಂಶ ಹೊಂದಿಕೊಳ್ಳುತ್ತದೆ. ಮಿತಿ ಮೀರಿದರೆ ಬಿಗಿಯಬಾರದ ಹೊತ್ತಿನಲ್ಲಿ ಕ್ಲಚ್ ಬಿಗಿಯುತ್ತದೆ, ಬಿಲ್ಲೆಗೆ ಬಿಲ್ಲೆ ಉಜ್ಜುತ್ತದೆ, ನಾನು ಬೆಳಕಿಗೆ ಹಿಡಿದು ನೋಡಿದ ನೀಲಿ ಬಣ್ಣ ಏರುತ್ತದೆ.

ಎರಡು ಮೋಟಾರುಗಳ ಎಲೆಕ್ಟ್ರಿಕ್ ಗಾಡಿಗಳಲ್ಲಿ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಉಕ್ಕಿನ ಕೊಂಡಿಯೇ ಇರುವುದಿಲ್ಲವಾದ್ದರಿಂದ ಈ ಉಜ್ಜಾಟದ ಭಯ ಅವಕ್ಕಿಲ್ಲ. ಅಲ್ಲಿ ಉಳಿಯುವುದು ಹಿಡಿತ ಮತ್ತು ಬ್ರೇಕಿನ ಸಮತೋಲದ ಪ್ರಶ್ನೆ. ಲಿವರ್ ಎಳೆದು ಫೋರ್-ವೀಲ್ ಹಾಕುವ ಹಳೆಯ ಬಗೆಯ ಜೀಪುಗಳೂ ಒಣ ರಸ್ತೆಯಲ್ಲಿ ಎರಡೇ ಚಕ್ರಗಳ ಬಲದಿಂದ ಓಡುವಾಗ ಇದರಿಂದ ಪಾರಾಗುತ್ತವೆ. ಲಿವರ್ ಎಳೆದ ಮೇಲೆ ಮಾತು ಬೇರೆ.

ಇನ್ನು ಎಣಿಕೆಗೆ ಬರುತ್ತೇನೆ. "ಟೈರನ್ನು ಒಂಟಿಯಾಗಿ ಹಾಕಬಾರದು, ಜೋಡಿಯಾಗಿ ಹಾಕಬೇಕು" ಎಂಬ ಮಾತನ್ನು ಗಾಡಿ ಓಡಿಸುವವರೆಲ್ಲ ಕೇಳಿರುತ್ತಾರೆ. ಎರಡು ಚಕ್ರಗಳಿಗೆ ಮಾತ್ರ ಬಲ ಹೋಗುವ ಗಾಡಿಗೆ ಇದು ಒಳ್ಳೆಯ ಮಾತು. ಒಂದೇ ಅಚ್ಚಿನ ಎಡಬಲ ಚಕ್ರಗಳಿಗೆ ಸಮಾನ ಹಿಡಿತ ಸಿಗುತ್ತದೆ, ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿದರೆ ನೀರು ನಿಂತ ರಸ್ತೆಯಲ್ಲಿ ಗಾಡಿಯ ಹಿಂಭಾಗ ಜಾರಿ ಅಡ್ಡ ತಿರುಗುವ ಅಪಾಯ ಕಡಿಮೆಯಾಗುತ್ತದೆ. ಆದರೆ ಆಲ್-ವೀಲ್ ಡ್ರೈವ್ ಗಾಡಿಯಲ್ಲಿ ಈ ಮಾತನ್ನು ಹಾಗೆಯೇ ತಂದು ಕೂರಿಸಿದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಅಚ್ಚಿನ ಡಿಫರೆನ್ಷಿಯಲ್ ತನ್ನ ಎರಡು ಚಕ್ರಗಳ ವೇಗದ ಸರಾಸರಿಯಲ್ಲಿ ತಿರುಗುತ್ತದೆ. ಒಂದು ಅಚ್ಚಿನಲ್ಲಿ ಒಂದೇ ಟೈರು ಹೊಸದಾದರೆ ಆ ಸರಾಸರಿ ಅರ್ಧದಷ್ಟು ಮಾತ್ರ ಸರಿಯುತ್ತದೆ. ನಡುವಿನ ಕ್ಲಚ್ಚಿಗೆ ತಲುಪುವುದು ಅರ್ಧ ವ್ಯತ್ಯಾಸ, ಉಳಿದದ್ದನ್ನು ಅಚ್ಚಿನ ಡಿಫರೆನ್ಷಿಯಲ್ ಹೊರುತ್ತದೆ. ಎರಡೂ ಟೈರು ಹೊಸದಾದರೆ ಅಚ್ಚಿನ ಡಿಫರೆನ್ಷಿಯಲ್ಲಿಗೆ ಕೆಲಸವಿಲ್ಲ, ಪೂರ್ತಿ ವ್ಯತ್ಯಾಸ ನಡುವಿನ ಕ್ಲಚ್ಚಿನ ಮೇಲೆ ಬೀಳುತ್ತದೆ. ಒಂದು ಹಾಕುವುದು ಸರಿಯಲ್ಲವೆಂದು ಎರಡು ಹಾಕಿಸಿ ಅರ್ಧ ಸಮಾಧಾನ ತಂದುಕೊಂಡವನು, ಗಾಡಿಯ ದುಬಾರಿ ಭಾಗವೊಂದಕ್ಕೆ ದುಪ್ಪಟ್ಟು ಭಾರ ಹೊರಿಸಿರುತ್ತಾನೆ. ನನ್ನ ಹಿಂದಿನ ಗಾಡಿಗೆ ನಾನು ಮಾಡಿದ್ದು ಅದನ್ನೇ.

ಹಾಗೆಂದ ಮಾತ್ರಕ್ಕೆ ಒಂದು ಟೈರು ಹಾಕುವುದೇ ಸರಿಯೆಂದು ನಾನು ಹೇಳುತ್ತಿಲ್ಲ. ಅಚ್ಚಿನಲ್ಲಿ ಎಡಬಲ ಚಕ್ರಗಳ ವೇಗದ ಅಂತರಕ್ಕೆ ಕಡಿವಾಣ ಹಾಕುವ ಲಿಮಿಟೆಡ್-ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಅದರೊಳಗಿನ ಕ್ಲಚ್ಚಿಗೂ ಇದೇ ಉಜ್ಜಾಟ ಶುರುವಾಗುತ್ತದೆ. ನನ್ನ ಮಾತು ಇಷ್ಟೇ: ಮೊದಲು ನಿರ್ಧಾರವಾಗಬೇಕಾದದ್ದು ವ್ಯತ್ಯಾಸ ಎಷ್ಟು ಮಿಲಿಮೀಟರ್ ಎಂಬುದು. ಟೈರು ಒಂದೋ, ಎರಡೋ, ನಾಲ್ಕೋ ಎಂಬುದು ಅದರ ಹಿಂದೆ ತಾನಾಗಿ ಬರುತ್ತದೆ. ಕೆಲವು ತಯಾರಕರು ಇದನ್ನು ಸ್ಪಷ್ಟವಾಗಿಯೇ ಹೇಳುತ್ತಾರೆ. ನಾಲ್ಕು ಟೈರುಗಳ ಸುತ್ತಳತೆಯ ವ್ಯತ್ಯಾಸ ಕಾಲು ಇಂಚು ಮೀರಬಾರದು ಎಂಬ ಸುಬಾರುವಿನ ಮಿತಿ ಪ್ರಸಿದ್ಧ. ಕಾಲು ಇಂಚೆಂದರೆ 6.4 ಮಿ.ಮೀ.; ಅದನ್ನು ಟ್ರೆಡ್ ಆಳಕ್ಕೆ ಇಳಿಸಿದರೆ ಸಿಗುವುದು ಕೇವಲ 1 ಮಿ.ಮೀ. ಸಾಮಾನ್ಯವಾಗಿ ಟೈರು ವ್ಯವಹಾರದಲ್ಲಿರುವವರು ಇಂಚಿನ ಮೂವತ್ತೆರಡನೇ ಭಾಗಗಳಲ್ಲಿ ಎರಡು ಅಥವಾ ಮೂರು, ಅಂದರೆ ಸರಿಸುಮಾರು 1.6ರಿಂದ 2.4 ಮಿ.ಮೀ.ವರೆಗೆ ಹೋಗಬಹುದು ಎನ್ನುತ್ತಾರೆ. ನಮ್ಮ ಗಾಡಿಯ ಕೈಪಿಡಿ ಏನು ಹೇಳುತ್ತದೋ ಅದೇ ಕೊನೆಯ ಮಾತು. ನನ್ನ ಕೈಪಿಡಿಯಲ್ಲಿ ಅಂಕಿಯೇ ಇರಲಿಲ್ಲ. ನಾಲ್ಕೂ ಟೈರು ಒಂದೇ ಅಳತೆ, ಒಂದೇ ಕಂಪನಿ, ಒಂದೇ ಮಾದರಿ, ಒಂದೇ ಮಟ್ಟದ ಸವೆತ ಇರಬೇಕು ಎಂಬ ಒಂದು ವಾಕ್ಯವಿತ್ತು. ಒಂದೇ ಕಂಪನಿ ಎಂಬ ಷರತ್ತನ್ನು ಮಾರಾಟದ ಮಾತೆಂದು ತಳ್ಳಿಹಾಕುವವರಿದ್ದಾರೆ. ಆದರೆ ಪಕ್ಕೆಯ ಮೇಲೆ ಒಂದೇ ಅಳತೆ ಬರೆದಿದ್ದರೂ ಬೇರೆ ಬೇರೆ ಮಾದರಿಯ ಟೈರುಗಳ ನಿಜವಾದ ಸುತ್ತಳತೆ ಕೆಲವು ಮಿಲಿಮೀಟರ್ ಹೆಚ್ಚುಕಡಿಮೆ ಇರುತ್ತದೆ. 6.4 ಮಿ.ಮೀ. ಮಿತಿ ಇರುವಲ್ಲಿ ಅದು ಸಣ್ಣ ಮಾತಲ್ಲ.

ಆದ್ದರಿಂದ ನಾನು ಗೇಜನ್ನು ಮಾತ್ರ ನಂಬಲಿಲ್ಲ. ಗೇಜು ಟ್ರೆಡ್ಡಿನ ಆಳವನ್ನು ಹೇಳುತ್ತದೆ, ಟೈರಿನ ಸುತ್ತಳತೆಯನ್ನು ಹೇಳುವುದಿಲ್ಲ. ತಣ್ಣಗಿರುವಾಗ ಎಲ್ಲ ಚಕ್ರಗಳಿಗೂ ಸರಿಯಾದ ಗಾಳಿ ತುಂಬಿ, ಜಾಕ್ ಹಾಕಿ ಒಂದೊಂದೇ ಚಕ್ರವನ್ನು ಎತ್ತಿ, ದರ್ಜಿಯವರು ಬಳಸುವಂಥ, ಆದರೆ ಉದ್ದನೆಯ ಟೇಪನ್ನು ಟ್ರೆಡ್ಡಿನ ನಟ್ಟನಡುವೆ ಸುತ್ತಿ ಅಳೆದೆ. ಟೇಪು ಒಂದಿಷ್ಟು ಓರೆಯಾದರೂ ಅಳತೆ ಕೆಡುತ್ತದೆ, ಹಾಗಾಗಿ ಪ್ರತಿ ಚಕ್ರವನ್ನೂ ಮೂರು ಸಲ ಅಳೆದು ಬರೆದುಕೊಂಡೆ. ಮೂರು ಟೈರುಗಳ ನಡುವಿನ ಅಂತರ 3 ಮಿ.ಮೀ. ದಾಟಲಿಲ್ಲ, ಅವು ತಮ್ಮತಮ್ಮೊಳಗೆ ಹೊಂದಿಕೊಂಡೇ ಇದ್ದವು. ಅವಕ್ಕೂ ಹೊಸ ಟೈರಿಗೂ ನಡುವಿನ ಅಂತರವೋ ಹತ್ತೊಂಬತ್ತರ ಹತ್ತಿರ. ಮೇಲೆ ಹೇಳಿದ ಯಾವ ಮಿತಿಯಿಂದ ನೋಡಿದರೂ ಅದು ಆಚೆಗಿತ್ತು.

ಒಂದೇ ಟೈರಿನಿಂದ ಮುಗಿಸುವ ದಾರಿ ಇಲ್ಲವೇ ಎಂದು ಆಮೇಲೂ ಹುಡುಕಿದೆ. ಹೊಸ ಟೈರಿನಲ್ಲಿ ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಸರಿಹೋಗುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಅದನ್ನು ಯಾರೂ ಮಾಡಬಾರದು. ರೇಡಿಯಲ್ ಟೈರಿನ ಟ್ರೆಡ್ಡಿನ ಕೆಳಗೆ ಉಕ್ಕಿನ ತಂತಿಯ ಪಟ್ಟಿ ಇದೆ; ಗಾಳಿ ಇಳಿಸಿದ ಮಾತ್ರಕ್ಕೆ ಅದರ ಉದ್ದ ಕುಗ್ಗುವುದಿಲ್ಲ, ಆದ್ದರಿಂದ ಸುತ್ತುಗಳ ಲೆಕ್ಕ ಅಷ್ಟಾಗಿ ಬದಲಾಗುವುದೂ ಇಲ್ಲ. ಬದಲಾಗುವುದು ಪಕ್ಕೆಯ ಬಾಗುವಿಕೆ, ಅದರಿಂದ ಟೈರು ಕಾಯ್ದು ಹೆದ್ದಾರಿಯಲ್ಲಿ ಸಿಡಿಯಬಹುದು. ಎರಡು ಹೊಸ ಟೈರುಗಳನ್ನು ಮುಂದೊಂದು, ಹಿಂದೊಂದು ಹಾಕಿದರೆ ಎರಡೂ ಅಚ್ಚುಗಳ ಸರಾಸರಿ ಸಮನಾಗಿ ನಡುವಿನ ಕ್ಲಚ್ಚಿಗೆ ಏನೂ ತಗಲುವುದಿಲ್ಲವಲ್ಲ ಎಂದು ಒಂದು ರಾತ್ರಿ ನನಗೇ ಹೊಳೆಯಿತು. ಕಾಗದದ ಮೇಲೆ ಅದು ಸರಿ. ಆದರೆ ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಒಂದೇ ಅಚ್ಚಿನ ಒಂದು ಚಕ್ರ ನೀರನ್ನು ಸೀಳಿ ನೆಲ ಹಿಡಿದು, ಇನ್ನೊಂದು ನೀರಿನ ಮೇಲೆ ತೇಲಿದರೆ ಗಾಡಿ ಯಾವ ಕಡೆಗೆ ಎಳೆಯುತ್ತದೆ ಎಂದು ಯೋಚಿಸಿದ ಮೇಲೆ ಆ ಕಾಗದವನ್ನು ಹರಿದೆ.

ಬಳಸಿದ ಟೈರೊಂದನ್ನು ಹುಡುಕುವುದು ಇನ್ನೊಂದು ದಾರಿ. ಅದೇ ಮಾದರಿ, ಅದೇ ಐದು ಮಿ.ಮೀ. ಆಳ ಸಿಗುವುದು ಅಪರೂಪ, ಸಿಕ್ಕರೂ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳ ತಯಾರಿಕೆಯ ಗುರುತನ್ನು ಓದಲೇಬೇಕು: 3521 ಎಂದಿದ್ದರೆ 2021ರ ಮೂವತ್ತೈದನೇ ವಾರದ್ದು. ವಯಸ್ಸು ಅಲ್ಲಿ ಗೊತ್ತಾಗುತ್ತದೆ. ಆದರೆ ಆ ಟೈರು ಎಷ್ಟು ದಿನ ಗಾಳಿಯಿಲ್ಲದೆ ಓಡಿತ್ತು, ಯಾವ ಗುಂಡಿಗೆ ಬಿದ್ದಿತ್ತು ಎಂಬುದು ಎಲ್ಲಿಯೂ ಬರೆದಿರುವುದಿಲ್ಲ. ನಾನು ಅದನ್ನು ಕೈಬಿಟ್ಟೆ.

ನನಗೆ ನಿಜವಾಗಿಯೂ ಹಿಡಿಸಿದ್ದು ಹೊಸ ಟೈರನ್ನು ಹೆರೆಸುವ ಉಪಾಯ. ಟೈರನ್ನು ಯಂತ್ರಕ್ಕೆ ಕೂರಿಸಿ ತಿರುಗಿಸುತ್ತಾ ಹರಿತವಾದ ಅಲಗಿನಿಂದ ಟ್ರೆಡ್ಡನ್ನು ಎಳೆಎಳೆಯಾಗಿ ಹೆರೆದು, ಉಳಿದ ಮೂರರ ಆಳಕ್ಕೆ ತಂದು ನಿಲ್ಲಿಸುತ್ತಾರೆ. ಹೊಚ್ಚಹೊಸ ರಬ್ಬರನ್ನು ಹೆರೆದು ಎಸೆಯುವುದು ಮೊದಲ ನೋಟಕ್ಕೆ ಅನ್ಯಾಯವೆನ್ನಿಸುತ್ತದೆ. ಆದರೆ ಒಂದು ಟೈರಿನ 3 ಮಿ.ಮೀ. ಕೊಟ್ಟು ಮೂರು ಟೈರುಗಳಲ್ಲಿ ತಲಾ ಮೂರು ಮಿ.ಮೀ.ಗಿಂತ ಹೆಚ್ಚನ್ನು ಉಳಿಸಿಕೊಳ್ಳುವ ವ್ಯವಹಾರ ಅದು. ತೂಗಿ ನೋಡಿದರೆ ಉಳಿತಾಯವೇ ದೊಡ್ಡದು. ಉಳಿದ ಮೂರರಲ್ಲಿ ನಾಲ್ಕು, ಐದು ಮಿ.ಮೀ. ಇದ್ದು, ಹೆರೆಯುವ ಯಂತ್ರ ಕೈಗೆಟುಕುವಂತಿದ್ದರೆ ಯಾರೇ ಆಗಲಿ ಮೊದಲು ಇದನ್ನೇ ವಿಚಾರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನನಗೆ ಅಂಥ ಯಂತ್ರ ಸಿಗಲಿಲ್ಲ, ಮತ್ತು ನನ್ನ ಟೈರಿನ ಮಾದರಿಯ ತಯಾರಿಕೆಯೇ ನಿಂತುಹೋಗಿತ್ತು. ಹಾಗಾಗಿ ನಾಲ್ಕೂ ಹೊಸದು ಎಂದು ತೀರ್ಮಾನವಾಯಿತು.

ಹೊಸ ಟೈರುಗಳಿಗಾಗಿ ಕಾಯುವಾಗ ಸ್ಟೆಪ್ನಿಯ ಮೇಲೆ ಓಡಿಸಲಿಲ್ಲ. ನನ್ನದು ಚಿಕ್ಕ ಅಳತೆಯ ತಾತ್ಕಾಲಿಕ ಸ್ಟೆಪ್ನಿ, ಗಂಟೆಗೆ 80 ಕಿ.ಮೀ. ಮೀರಬಾರದೆಂದು ಅದರ ಮೇಲೆಯೇ ಬರೆದಿದೆ. ಹಳೆಯ ಕೆಲವು ಆಟೋಮ್ಯಾಟಿಕ್ ಸುಬಾರುಗಳಲ್ಲಿ ಅಂಥ ಸ್ಟೆಪ್ನಿ ಹಾಕಿದಾಗ ಒಂದು ಫ್ಯೂಸ್ ಸಿಕ್ಕಿಸಿ ಹಿಂದಿನ ಚಕ್ರಗಳಿಗೆ ಹೋಗುವ ಬಲವನ್ನು ಕಡಿದುಬಿಡುವ ಏರ್ಪಾಡು ಇತ್ತು. ತಯಾರಕರೇ ಅಷ್ಟು ಎಚ್ಚರ ವಹಿಸಿದ್ದಾರೆಂದರೆ ಇದು ಬರೀ ಅಂಜಿಕೆಯಲ್ಲ.

ಬಿಚ್ಚಿದ ಮೂರು ಟೈರುಗಳ ಬಗ್ಗೆ ನನಗಿದ್ದ ಸಂಕಟ ಅನಿರೀಕ್ಷಿತವಾಗಿ ಕಳೆಯಿತು. ಅದೇ ಅಳತೆಯ ಟೈರುಗಳ ಮೇಲೆ ಓಡುವ, ಮುಂದಿನ ಎರಡು ಚಕ್ರಗಳಿಗೆ ಮಾತ್ರ ಬಲ ಹೋಗುವ ಗಾಡಿ ಗೆಳೆಯರೊಬ್ಬರ ಬಳಿ ಇತ್ತು, ಅದರ ಒಂದು ಜೋಡಿ ಪೂರ್ತಿ ಸವೆದಿತ್ತು. 5.0 ಮತ್ತು 4.9 ಅಳತೆಯ ಎರಡು ಟೈರು ಅಲ್ಲಿ ಜೋಡಿಯಾಗಿ, ಯಾರಿಗೂ ಭಾರವಾಗದೆ ಕುಳಿತವು. ನನ್ನ ಗಾಡಿಗೆ ಹೊರೆಯಾಗುತ್ತಿದ್ದ ಆ ವ್ಯತ್ಯಾಸ ಅಲ್ಲಿ ವ್ಯತ್ಯಾಸವೇ ಅಲ್ಲ, ಏಕೆಂದರೆ ಅಲ್ಲಿ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಲೆಕ್ಕ ಒಪ್ಪಿಸುವ ಕೊಂಡಿಯಿಲ್ಲ. 5.3ರದ್ದು ನನ್ನಲ್ಲೇ ಉಳಿದಿದೆ.

ಹೊಸ ನಾಲ್ಕು ಟೈರುಗಳ ಅಳತೆ ಬರೆದಿಡಲು ಈ ಸಲ ಒಂದು ಪುಟವನ್ನೇ ಮೀಸಲಿಟ್ಟಿದ್ದೇನೆ. ಮೊದಲೇ ಹಾಗೆ ಮಾಡಿದ್ದರೆ ಹಿಂದಿನ ಗಾಡಿಯಲ್ಲಿ ಮುಂದಿನ ಜೋಡಿ ಬೇಗ ಸವೆಯುತ್ತಿದೆ ಎಂಬುದು ಎಷ್ಟೋ ಮುಂಚೆ ಕಣ್ಣಿಗೆ ಬೀಳುತ್ತಿತ್ತು. ಎಂಟು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿಸಬೇಕು, ಆ ದಿನವೇ ಪ್ರತಿಯೊಂದು ಟೈರನ್ನೂ ಒಳಗೆ, ನಡುವೆ, ಹೊರಗೆ ಹೀಗೆ ಮೂರು ಕಡೆ ಅಳೆಯಬೇಕು. ಒಳ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ನೋಡಿಸಬೇಕು. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿದೆ. ಮೊನ್ನೆ ಮೊದಲ ಸರದಿ ಬಂತು. ಅಂಗಾಲೂರಿ ಕುಳಿತು ಸೂಜಿ ಇಳಿಸಿ ಬರೆದುಕೊಂಡ ಅಂಕಿಗಳು: ಮುಂದೆ ಎಡ 7.0, ಮುಂದೆ ಬಲ 6.9, ಹಿಂದೆ ಎಡ 7.3, ಹಿಂದೆ ಬಲ 7.3.